ಹಾರುವ ಮುನ್ನವೇ ಸಹಿಯಾದ ಹಾಳೆ

ನರಿಗುಡ್ಡ ನಿಲ್ದಾಣ
ಉಳಿಕೆ ತಿಂಗಳು, ಇಪ್ಪತ್ತೆರಡು, 2274

ಇನ್ನೂರೈವತ್ತು ವರ್ಷ ಹಿಂದೆ ವಿಮಾನ ಇಳಿಸುತ್ತಿರುವವರಿಗೆ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಮ್ಮ ವರ್ಷಕ್ಕೆ ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು. ಡಿಸೆಂಬರ್ ಮುಗಿದ ಮೇಲೆ ಬರುವ ಕೊನೆಯ ತಿಂಗಳಿಗೆ ಉಳಿಕೆ ಎನ್ನುತ್ತೇವೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ತೊಡರಬಹುದು. ನಿಮ್ಮ ಕಾಲದ ಬರಹಗಳನ್ನು ಓದಿ ಆದಷ್ಟು ಹದ ಮಾಡಿಕೊಂಡಿದ್ದೇನೆ. ಆದರೂ ನೀವು ಕೇಳರಿಯದ ಪದಗಳು ನುಸುಳಿದರೆ ಕ್ಷಮಿಸಿ. ಬೇರೆ ಯಾವುದಕ್ಕೂ ನಾನು ನಿಮ್ಮ ಕ್ಷಮೆ ಕೇಳುವವಳಲ್ಲ.

ನನ್ನ ಹೆಸರು ನೀಲಾಂಬಿಕಾ ತೊರಗಲ್ಲ. ವಯಸ್ಸು ಅರವತ್ತೊಂದು. ಮೂವತ್ತಾರು ವರ್ಷ ವಿಮಾನ ಹಾರಿಸಿದ್ದೇನೆ. ಕುರ್ಚಿ ಬಿಡುವ ಪೈಲಟ್ ಪ್ರತಿಯೊಬ್ಬರೂ ತಮಗಿಂತ ಹಿಂದಿನವರಿಗೆ ಒಂದು ಓಲೆ ಬರೆದು ಆಲಿಕೆಮನೆಯ ಕಪಾಟಿನಲ್ಲಿ ಇಟ್ಟು ಹೋಗಬೇಕೆಂಬುದು ನಮ್ಮಲ್ಲಿಯ ಪದ್ಧತಿ. ಇದಕ್ಕೆ ಹಿಂದೋಲೆ ಎನ್ನುತ್ತೇವೆ. ಅದು ನಿಮಗೆ ಹೇಗೆ ತಲುಪುತ್ತದೆಂದು ನನ್ನನ್ನು ಕೇಳಬೇಡಿ. ತಲುಪಿಲ್ಲವೆಂದು ಈವರೆಗೆ ಯಾರೂ ದೂರು ಕೊಟ್ಟಿಲ್ಲ, ಅಷ್ಟು ಮಾತ್ರ ಗೊತ್ತು. ಹೆಚ್ಚಿನವರು ನಾಲ್ಕು ಸಾಲು ಕೃತಜ್ಞತೆ ಗೀಚಿ ಕೈ ತೊಳೆದುಕೊಳ್ಳುತ್ತಾರೆ. ದಾರಿ ಹಾಕಿಕೊಟ್ಟಿರಿ, ರೆಕ್ಕೆ ಕೊಟ್ಟಿರಿ, ಹೀಗೆ ಏನೇನೋ. ನನಗೆ ಅಂಥದ್ದೇನೂ ಬರೆಯುವ ಮನಸ್ಸಿಲ್ಲ. ನಾಲ್ಕು ತಿಂಗಳಿಂದ ನನಗೆ ಹೇಸಿಗೆಯಾಗುತ್ತಿದೆ. ನಿಮ್ಮ ಮೇಲೆ, ನಮ್ಮವರ ಮೇಲೆ, ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಕಾಣುವ ಹೆಂಗಸಿನ ಮೇಲೆ.

ಆಲಿಕೆಮನೆಯೆಂದರೆ ಏನೆಂದು ಹೇಳಬೇಕು. ನಿಮ್ಮ ಕಾಲದಲ್ಲಿ ಅಪಘಾತಕ್ಕೀಡಾದ ವಿಮಾನಗಳ ಕಾಕ್‌ಪಿಟ್‌ನಲ್ಲಿ ಧ್ವನಿಮುದ್ರಿತವಾಗಿದ್ದ ಮಾತುಗಳನ್ನು ಕಾಪಾಡಿಟ್ಟಿರುವ ಕಟ್ಟಡ ಅದು. ಹೊಸದಾಗಿ ಸೇರಿದವರು ಅಲ್ಲಿ ಆರು ತಿಂಗಳು ಕೂತು ಆ ಮಾತುಗಳನ್ನು ಕೇಳಬೇಕು. ನಾನು ಇಪ್ಪತ್ತೈದರ ಹುಡುಗಿಯಾಗಿದ್ದಾಗ ಕೇಳಿದ್ದೆ. ಊಟ ಸೇರುತ್ತಿರಲಿಲ್ಲ. ರನ್‌ವೇ ಎದುರಿಗೆ ಬರುತ್ತಿದೆ, ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿದೆ, ವೇಗವೂ ಹೆಚ್ಚಿದೆ, ಪಕ್ಕದಲ್ಲಿ ಕೂತ ಕಿರಿಯವನು ಅದನ್ನು ನೋಡಿದ್ದಾನೆ. ನೋಡಿದವನು ಏನು ಹೇಳುತ್ತಾನೆ? ಇವತ್ತು ಗಾಳಿ ಸ್ವಲ್ಪ ಜಾಸ್ತಿ ಅಲ್ವಾ ಸರ್ ಎನ್ನುತ್ತಾನೆ. ಸರ್ ಎನ್ನುವವರು ಹ್ಞೂಂ ಎನ್ನುತ್ತಾರೆ. ಆಮೇಲೆ ಮಾತೇ ಇರುವುದಿಲ್ಲ. ಇಂಥ ಮುದ್ರಿಕೆಗಳನ್ನು ಒಂದರ ಮೇಲೊಂದು ಕೇಳಿದ್ದೇನೆ. ಪ್ರತಿಯೊಂದರ ಜೊತೆಗೂ ಒಂದು ವರದಿಯಿರುತ್ತದೆ, ಅದರ ಮೊದಲ ಪುಟದಲ್ಲೇ ಹಿರಿಯ ಪೈಲಟ್ ಎಷ್ಟು ಸಾವಿರ ಗಂಟೆ ಹಾರಿದ್ದವರು, ಎಂಥ ಅನುಭವಿ ಎಂದು ಬರೆದಿರುತ್ತದೆ. ಸತ್ತವರಿಗೆ ಸಮಾಧಾನವಾಗಲೆಂದು ಬರೆದರೋ ಏನೋ. ಆಗ ನಾನು ಗೆಳತಿಯರ ಮುಂದೆ ಮೂಗು ಮುರಿದು, ಈ ಜನಕ್ಕೆ ನಾಚಿಕೆಯೇ ಇರಲಿಲ್ಲವಲ್ಲ ಎಂದಿದ್ದೆ.

ನಮ್ಮ ಲೋಕ ನಿಮ್ಮದಕ್ಕಿಂತ ತೀರಾ ಬೇರೆಯೇನಲ್ಲ. ಕಡಲು ಏರಿದ ಮೇಲೆ ತಗ್ಗಿನ ನಿಲ್ದಾಣಗಳೆಲ್ಲ ಮುಳುಗಿದವು. ಈಗ ಗುಡ್ಡಗಳ ನೆತ್ತಿ ಸಪಾಟು ಮಾಡಿ ರನ್‌ವೇ ಹಾಕಿದ್ದೇವೆ. ಜಾಗ ಚಿಕ್ಕದು, ಎರಡೂ ತುದಿಗೆ ಕೊರಕಲು. ವಿಮಾನಗಳು ಸದ್ದು ಮಾಡುವುದಿಲ್ಲ, ಎಣ್ಣೆ ಸುಡುವುದಿಲ್ಲ. ಒಂದು ಕಾಲದಲ್ಲಿ ಯಂತ್ರಗಳೇ ಹಾರಿಸುತ್ತಿದ್ದವಂತೆ. ಜನಕ್ಕೆ ಅದು ಒಗ್ಗಲಿಲ್ಲ, ಏನಾದರೂ ಆದರೆ ಬೈಯಲು ಒಬ್ಬ ಮನುಷ್ಯನಾದರೂ ಬೇಕಲ್ಲ. ಹಾಗಾಗಿ ಮತ್ತೆ ಎರಡು ಕುರ್ಚಿ ಬಂದವು, ಮೊದಲನೆಯದು ಹಿರಿಯರಿಗೆ, ಎರಡನೆಯದು ಕಿರಿಯರಿಗೆ. ಯಂತ್ರ ಈಗ ಎತ್ತರ, ವೇಗ, ಗಾಳಿಗಳನ್ನು ತೋರಿಸಿ ಸುಮ್ಮನಿರುತ್ತದೆ. ಬೆಳಗಿನ ಹಾರಾಟಕ್ಕೆ ಮುಂಚೆ ಇಬ್ಬರೂ ಸಿಬ್ಬಂದಿ ಕೋಣೆಯಲ್ಲಿ ಕೂತು ಡಬ್ಬಿ ಬಿಚ್ಚುವ ರೂಢಿ ಮಾತ್ರ ಇನ್ನೂ ಉಳಿದಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಇವು ನಿಮಗೂ ಗೊತ್ತಿರುವವೇ.

ನಿಮ್ಮ ಮುದ್ರಿಕೆಗಳನ್ನು ಕೇಳಿ ಪಾಠ ಕಲಿತ ನಮ್ಮ ಹಿರಿಯರು ಒಂದು ಕಾನೂನು ಮಾಡಿದರು. ಇಳಿಯುವ ಹೊತ್ತಿನಲ್ಲಿ ಇಬ್ಬರಲ್ಲಿ ಯಾರೇ ಆಗಲಿ ‘ಮೇಲೇಳು’ ಎಂದರೆ ವಿಮಾನ ಮೇಲೇಳಲೇಬೇಕು. ನೀವು ಗೋ ಅರೌಂಡ್ ಎನ್ನುತ್ತೀರಲ್ಲ, ಅದೇ. ಇಳಿಯುವುದನ್ನು ಬಿಟ್ಟು ಏರಿ, ಸುತ್ತು ಹೊಡೆದು, ಮತ್ತೆ ಬರುವುದು. ಕುರ್ಚಿಗಳ ನಡುವೆ ಅದಕ್ಕೆಂದೇ ಹಳದಿ ಬಣ್ಣದ ಒಂದು ಹಿಡಿಕೆ ಇದೆ, ಎತ್ತುಗೋಲು ಎನ್ನುತ್ತೇವೆ. ಮೇಲೇಳು ಎಂದವರನ್ನು ಮೂರು ದಿನದವರೆಗೆ ಯಾರೂ ಏಕೆಂದು ಕೇಳುವಂತಿಲ್ಲ. ಕಾನೂನು ಚೆನ್ನಾಗಿತ್ತು. ಅದರ ಜೊತೆಗೆ ಒಂದು ಹಾಳೆಯನ್ನೂ ತಂದರು, ಅಲ್ಲಿಂದ ಕೊಳೆಯಲು ಶುರುವಾಯಿತು. ಪ್ರತಿ ಹಾರಾಟ ಮುಗಿದ ಮೇಲೆ ಎರಡನೇ ಕುರ್ಚಿಯವರು ಒಂದು ಹಾಳೆಗೆ ಸಹಿ ಹಾಕಬೇಕು. ನನಗೆ ಕಂಡದ್ದನ್ನೆಲ್ಲ ಹೇಳಿದೆ, ಹೇಳಲು ಅಂಜಲಿಲ್ಲ, ಮೇಲೇಳು ಎನ್ನುವ ಸಂದರ್ಭ ಬಂತು ಅಥವಾ ಬರಲಿಲ್ಲ ಎಂದು. ಪಕ್ಕದಲ್ಲಿ ಮೊದಲನೇ ಕುರ್ಚಿಯವರ ಸಹಿ. ಇದಕ್ಕೆ ಮಾತಿನಹಾಳೆ ಎಂದು ಹೆಸರು.

ಹಾಳೆ ಬಂದು ಇಪ್ಪತ್ತು ವರ್ಷಕ್ಕೆ ಹಿರಿಯ ಪೈಲಟ್‌ಗಳ ಸಂಘದವರು ಒಂದು ಬೇಡಿಕೆ ಇಟ್ಟರು. ಹಾಳೆ ಇದ್ದ ಮೇಲೆ ಧ್ವನಿ ಮುದ್ರಿಸುವುದು ಏಕೆ, ಮುದ್ರಣ ನಡೆಯುತ್ತಿದ್ದರೆ ಕಿರಿಯರಿಗೆ ಮುಕ್ತವಾಗಿ ಮಾತಾಡಲು ಸಂಕೋಚವಾಗುತ್ತದೆ ಎಂದರು. ಕಿರಿಯರ ಮೇಲೆ ಎಂಥ ಪ್ರೀತಿ ನೋಡಿ! ಮುದ್ರಣ ನಿಂತಿತು. ನಿಮ್ಮ ಸಾವಿನ ಮಾತುಗಳು ನಮ್ಮ ಕಪಾಟಿನಲ್ಲಿವೆ, ನಮ್ಮವು ಎಲ್ಲಿಯೂ ಇಲ್ಲ. ಇಳಿದ ಮೇಲೆ ಮನೆಗೆ ಓಡುವ ಅವಸರ ಯಾರಿಗಿಲ್ಲ? ಹಾಗಾಗಿ ಮಾತಿನಹಾಳೆಗೆ ಬೆಳಿಗ್ಗೆ ಡಬ್ಬಿ ಬಿಚ್ಚುವಾಗಲೇ ಸಹಿ ಹಾಕಿಸಿಬಿಡುವ ಪದ್ಧತಿ ಬಂತು. ಚಟ್ನಿಯ ಬೆರಳು ಒರೆಸಿಕೊಂಡು ಕಿರಿಯವನು ಸಹಿ ಹಾಕುತ್ತಾನೆ. ಹಿರಿಯಳು ಅದೇ ಪೆನ್ನು ಇಸಿದುಕೊಂಡು ತಾನೂ ಹಾಕುತ್ತಾಳೆ. ಇನ್ನೂ ನೆಲವೇ ಬಿಟ್ಟಿರುವುದಿಲ್ಲ, ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿದಿರುತ್ತದೆ. ಇದನ್ನು ಯಾರೂ ಮೋಸವೆಂದು ತಿಳಿದಿರಲಿಲ್ಲ. ನಾನೂ ತಿಳಿದಿರಲಿಲ್ಲ.

ಈಗ ದಾವಲ್ ನದಾಫನ ವಿಷಯ. ಎರಡು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತವನು, ಇಪ್ಪತ್ತೆಂಟು ವರ್ಷದವನು. ಅವನಿಗೆ ತರಬೇತಿ ಕೊಟ್ಟವಳು ನಾನೇ, ಹಾಗಾಗಿ ನನ್ನನ್ನು ಅಕ್ಕಾರ ಎನ್ನುತ್ತಿದ್ದ, ನಮ್ಮ ಕಡೆ ಕಲಿಸಿದವರನ್ನು ಕರೆಯುವ ಹಾಗೆ. ನನಗೆ ಅದು ಹಿತವಾಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಅವನ ಡಬ್ಬಿಯಲ್ಲಿ ಅವನ ತಾಯಿ ಹುಸೇನಬಿ ನನ್ನ ಪಾಲಿನದೂ ಸೇರಿಸಿ ಕಟ್ಟುತ್ತಿದ್ದರು. ಆ ದಿನವೂ ಕಟ್ಟಿದ್ದರು. ಇಬ್ಬರೂ ತಿಂದು, ಹಾಳೆಗೆ ಸಹಿ ಹಾಕಿ, ಐವತ್ತೊಂಬತ್ತು ಜನರನ್ನು ಕೂರಿಸಿಕೊಂಡು ಹೊರಟೆವು.

ನರಿಗುಡ್ಡದಲ್ಲಿ ಮಳೆ ಬಂದು ನಿಂತಿತ್ತು, ರನ್‌ವೇ ಒದ್ದೆ. ನಾನು ಅಲ್ಲಿ ಆರುನೂರಕ್ಕೂ ಹೆಚ್ಚು ಸಲ ಇಳಿಸಿದ್ದವಳು. ನಮಗಿಂತ ಹತ್ತು ನಿಮಿಷ ಮುಂಚೆ ನನ್ನ ಇನ್ನೊಬ್ಬ ಶಿಷ್ಯ ಒಂದೇ ಸಲಕ್ಕೆ ಇಳಿಸಿದ್ದ. ಅಲ್ಲಿ ಒಂದು ವಿಮಾನ ಇಳಿಯದೆ ಮತ್ತೆ ಏರಿದರೆ ನಿಲ್ದಾಣದ ಚಹಾದಂಗಡಿಯಲ್ಲಿ ನಗುತ್ತಾರೆ, ಅಜ್ಜಿಗೆ ನೆಲ ಕಾಣಲಿಲ್ಲ ಎನ್ನುತ್ತಾರೆ. ಇಷ್ಟೇ ಕಾರಣ. ನಾಲ್ಕು ತಿಂಗಳು ತಡಕಾಡಿದರೂ ಇದಕ್ಕಿಂತ ದೊಡ್ಡ ಕಾರಣ ನನಗೆ ಸಿಕ್ಕಿಲ್ಲ. ದಾವಲ್ ಮೊದಲು ಗಾಳಿ ಹಿಂದಿನಿಂದ ಬೀಸುತ್ತಿದೆ ಎಂದ. ಇಳಿಯುವಾಗ ಬೆನ್ನಹಿಂದಿನ ಗಾಳಿ ವಿಮಾನವನ್ನು ಮುಂದೆ ದೂಡುತ್ತದೆ, ನಿಲ್ಲಲು ಇನ್ನಷ್ಟು ಜಾಗ ಬೇಕಾಗುತ್ತದೆ. ನಾನು ಹ್ಞೂಂ ಎಂದೆ. ಹೌದು, ನಿಮ್ಮವರ ಹಾಗೆಯೇ. ಬಹಳ ಎತ್ತರದಲ್ಲಿದ್ದೇವೆ ಎಂದ. ಸರಿಮಾಡಿಕೊಳ್ಳುತ್ತೇನೆ ಎಂದೆ. ನಿಮ್ಮ ಕಿರಿಯರ ಹಾಗೆ ಅವನು ಅಲ್ಲಿಗೆ ನಿಲ್ಲಿಸಲಿಲ್ಲ.

“ಮ್ಯಾಲೇಳ್ರಿ ಅಕ್ಕಾರ,” ಎಂದ. ಹೇಳುತ್ತಲೇ ಎತ್ತುಗೋಲಿನ ಮೇಲೆ ಕೈ ಇಟ್ಟ.

ನಾನು ಅವನ ಕೈ ಹಿಡಿದು ತೆಗೆದು ಅವನ ತೊಡೆಯ ಮೇಲೆ ಇಟ್ಟೆ. ಮಗು ಸ್ವಿಚ್ಚು ಮುಟ್ಟಿದರೆ ತೆಗೆಯುತ್ತೇವಲ್ಲ, ಹಾಗೆ. “ನಾ ನೋಡಾಕತ್ತೀನಿ. ಸುಮ್ಕ ಕುಂದ್ರು,” ಎಂದೆ. ಅವನು ಮತ್ತೆ ಕೈ ಎತ್ತಲಿಲ್ಲ. ಎರಡು ವರ್ಷ ನಾನು ಅವನಿಗೆ ಎಲ್ಲಕ್ಕಿಂತ ಚೆನ್ನಾಗಿ ಕಲಿಸಿದ್ದು ಅದನ್ನೇ ಇರಬೇಕು. ಚಕ್ರ ನೆಲ ಮುಟ್ಟಿದಾಗ ಅರ್ಧ ರನ್‌ವೇ ಹಿಂದೆ ಹೋಗಿತ್ತು. ಬ್ರೇಕು ಹಿಡಿಯಲಿಲ್ಲ. ತುದಿ ದಾಟಿ ಕೊರಕಲಿಗೆ ಇಳಿದೆವು. ಬಂಡೆ ತಗುಲಿದ್ದು ಬಲಗಡೆಗೆ, ಅವನು ಕೂತ ಬದಿಗೆ. ಅವನೂ ಎಂಟು ಜನ ಪ್ರಯಾಣಿಕರೂ ಸತ್ತರು. ನನಗೆ ಸೊಂಟ ಮುರಿಯಿತು, ಅಷ್ಟೇ.

ಆಸ್ಪತ್ರೆಯಲ್ಲಿ ವಿಚಾರಣೆಯವರು ಬಂದು ಕೇಳಿದರು, ಎರಡನೇ ಕುರ್ಚಿಯವರು ಏನಾದರೂ ಹೇಳಿದ್ದರೇ ಎಂದು. ನನಗೇನೂ ಕೇಳಿಸಲಿಲ್ಲ ಎಂದೆ. ನೋವಿನ ಮದ್ದಿನ ಮಂಪರಿತ್ತು ಎಂದು ನೆಪ ಹೇಳಬಹುದು, ಆದರೆ ಇರಲಿಲ್ಲ. ತಲೆ ಸ್ವಚ್ಛವಾಗಿತ್ತು. ಅವರು ಮಾತಿನಹಾಳೆ ತೆಗೆದು ನೋಡಿದರು. ಹೇಳಬೇಕಾದ್ದನ್ನೆಲ್ಲ ಹೇಳಿದೆ, ಮೇಲೇಳು ಎನ್ನುವ ಸಂದರ್ಭ ಬರಲಿಲ್ಲ, ದಾವಲ್ ನದಾಫ್. ಸಂದರ್ಭವಿದ್ದರೂ ಇವನ ಗಮನಕ್ಕೇ ಬರಲಿಲ್ಲ, ಎಚ್ಚರಿಕೆ ಕೊಡಬೇಕಾದವನು ಎಚ್ಚರವಾಗಿರಲಿಲ್ಲ ಎಂದು ಅವರ ಲೆಕ್ಕ. ಆ ಎಂಟು ಸಾವು ಅವನ ಹೆಸರಿಗೆ ಬೀಳುತ್ತವೆ. ನಿಲ್ದಾಣದ ಬಾಗಿಲಲ್ಲಿ ತಪ್ಪುಗಲ್ಲು ಎಂಬ ಕರಿಕಲ್ಲಿದೆ, ಅಪಘಾತಕ್ಕೆ ಕಾರಣರಾದವರ ಹೆಸರು ಅದರ ಮೇಲೆ ಕೆತ್ತುತ್ತಾರೆ. ಪ್ರಯಾಣಿಕರು ಸಾಲಿನಲ್ಲಿ ನಿಂತು ಓದಿಕೊಂಡೇ ಒಳಗೆ ಹೋಗಬೇಕು. ನಾಳೆಯ ಕೊನೆಯ ವಿಚಾರಣೆಯಲ್ಲಿ ಆ ಹೆಸರು ತೀರ್ಮಾನವಾಗುತ್ತದೆ.

ಮೂರನೇ ದಿನ ಹುಸೇನಬಿ ನನ್ನ ಹಾಸಿಗೆಯ ಬಳಿ ಬಂದಿದ್ದರು. ಅತ್ತು ಅತ್ತು ಮುಖ ಊದಿತ್ತು. ನನ್ನ ಸೊಂಟ ಹೇಗಿದೆಯೆಂದು ಮೊದಲು ಕೇಳಿದರು. ಆಮೇಲೆ, ತಮ್ಮ ಮಗ ಕಡೆಯಲ್ಲಿ ಏನಾದರೂ ಅಂದನೇ ಎಂದರು. ಏನೂ ಅನ್ನಲಿಲ್ಲ ಎಂದೆ.

“ಹಂಗ ಸುಮ್ಕಿರಾಂವ ಅಲ್ರಿ ಅಂವ,” ಎಂದರು. “ಸಾರಿಗೆ ಒಂದ್ ಹರಳ ಉಪ್ಪು ಹೆಚ್ಚಾದ್ರೂ ಹೇಳಾಂವ.”

ನಾನು ಗೋಡೆಯ ಕಡೆ ತಿರುಗಿ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದೆ. ಆ ದಿನದಿಂದ ನನಗೆ ನನ್ನ ಮೈಯ ವಾಸನೆಯೇ ಸೇರುತ್ತಿಲ್ಲ. ನಾಳೆ ಬಾಯಿ ಬಿಡುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಮೂವತ್ತಾರು ವರ್ಷದ ಹೆಸರು, ಊರಲ್ಲಿ ಅಕ್ಕಾರ ಎಂದು ಎದ್ದು ನಿಲ್ಲುವ ಜನ, ಅವನ್ನೆಲ್ಲ ಬಿಡಲು ಕೈ ಬರುತ್ತಿಲ್ಲ. ಇಷ್ಟನ್ನು ನಿಮಗೆ ಬರೆದಿದ್ದೇನೆ, ಏಕೆಂದರೆ ನೀವು ಸತ್ತು ಇನ್ನೂರು ವರ್ಷವಾಗಿದೆ.

ಉಳಿಕೆ ತಿಂಗಳು, ಇಪ್ಪತ್ತನಾಲ್ಕು

ಹೇಳಿದೆ. ಆದರೆ ಹೇಳಿದ್ದರಿಂದ ಏನೂ ಆಗಲಿಲ್ಲ, ಅದನ್ನು ಬರೆಯಬೇಕು.

ವಿಚಾರಣೆಯ ಅಧ್ಯಕ್ಷರು ಗುರುಶಾಂತ ಬೆಳವಟಗಿ, ನಿವೃತ್ತ ಪೈಲಟ್, ನನ್ನ ಹಿರಿಯರು. ಅವರ ಎಡಬಲಕ್ಕೆ ಕೂತ ನಾಲ್ವರೂ ಮೊದಲನೇ ಕುರ್ಚಿಯಿಂದ ಇಳಿದವರೇ. ನಾನು ಎದ್ದು ನಿಂತು, ಅವನು ಮೂರು ಸಲ ಹೇಳಿದ, ಎತ್ತುಗೋಲಿಗೆ ಕೈ ಹಾಕಿದ, ಆ ಕೈಯನ್ನು ನಾನೇ ತೆಗೆದೆ ಎಂದೆ. ಬೆಳವಟಗಿಯವರು ಕನ್ನಡಕ ತೆಗೆದು ಒರೆಸಿದರು. ಅಪಘಾತವಾದ ಮೇಲೆ ಹೀಗೆಲ್ಲ ಅನ್ನಿಸುವುದು ಸಹಜ, ಸತ್ತ ಹುಡುಗನ ಮೇಲಿನ ಮರುಕ ನಿಮ್ಮಿಂದ ಈ ಮಾತು ಆಡಿಸುತ್ತಿದೆ ಎಂದರು. ನಾಲ್ಕು ತಿಂಗಳ ಮೇಲೆ ನೆನಪಾದ ಮಾತಿಗಿಂತ ಅಂದಿನ ಹಾಳೆಯೇ ಗಟ್ಟಿ ಎಂದರು. ನಿಮ್ಮಂಥ ಅನುಭವಿಗಳು ಹೀಗೆ ತಮ್ಮ ಹೆಸರಿಗೆ ತಾವೇ ಮಸಿ ಬಳಿದುಕೊಳ್ಳಬಾರದು ಎಂದೂ ಸೇರಿಸಿದರು. ಎಷ್ಟು ನಯವಾಗಿ ಹೇಳಿದರೆಂದರೆ, ಮುಚ್ಚಿಟ್ಟ ಪಾತ್ರೆಯಲ್ಲಿ ಹಳಸಿದ ಅನ್ನದ ವಾಸನೆ ಬಂದ ಹಾಗಾಯಿತು ನನಗೆ. ಕುಳಿತುಕೊಳ್ಳಿ ಎಂದು ಕೈಯಲ್ಲೇ ಸನ್ನೆ ಮಾಡಿದರು. ಅದು ನನ್ನದೇ ಸನ್ನೆ, ಸುಮ್ಕ ಕುಂದ್ರು ಎಂದದ್ದು. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಅದು ನನ್ನ ಕಡೆಗೆ ಬಂದಿತ್ತು.

ನಾನು ಕುಳಿತುಕೊಳ್ಳಲಿಲ್ಲ. ಹಾಳೆ ಕೊಡಿ ಎಂದು ಇಸಿದುಕೊಂಡೆ. ನಮ್ಮ ಹಾಳೆಗಳ ಮೇಲೆ ಸಹಿ ಬಿದ್ದ ಗಳಿಗೆ ತಾನಾಗಿ ಮೂಡುತ್ತದೆ. ಓದಿ ಎಂದು ಬೆರಳಿಟ್ಟು ತೋರಿಸಿದೆ. ಅವನ ಸಹಿಯ ಸಮಯ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ನಾವು ನೆಲ ಬಿಟ್ಟದ್ದು ಆರು ನಲವತ್ತಕ್ಕೆ. ಕೊರಕಲಿಗೆ ಬಿದ್ದದ್ದು ಎಂಟಕ್ಕೆ. ಎಂಟು ಗಂಟೆಗೆ ಮೇಲೇಳು ಎನ್ನುವ ಸಂದರ್ಭ ಬರಲಿಲ್ಲವೆಂದು ಅವನು ಆರೂ ಹತ್ತಕ್ಕೆ ಹೇಗೆ ಬರೆದುಕೊಟ್ಟ ಎಂದು ಕೇಳಿದೆ. ನಾಲ್ಕು ತಿಂಗಳು ಐದು ಜನರ ಕೈಯಲ್ಲಿ ಓಡಾಡಿದ ಹಾಳೆ ಅದು. ಯಾರ ಕಣ್ಣಿಗೂ ಬಿದ್ದಿರಲಿಲ್ಲವೆಂದು ನಾನು ನಂಬುವುದಿಲ್ಲ. ಅದನ್ನು ನೋಡಿದರೆ ಅವರವರ ಹಳೆಯ ಹಾಳೆಗಳನ್ನೂ ನೋಡಬೇಕಾಗುತ್ತಿತ್ತು. ನನ್ನ ಹಾಳೆಗಳನ್ನೆಲ್ಲ ತರಿಸಿ ಎಂದೆ. ಅದರ ಜೊತೆಗೆ ಈ ಮೇಜಿನ ಹಿಂದೆ ಕೂತ ಐವರ ಹಾಳೆಗಳನ್ನೂ ತರಿಸಿ ಎಂದೆ. ಎಲ್ಲರಿಗೂ ತಮ್ಮ ತಮ್ಮ ಡಬ್ಬಿ ನೆನಪಾಗುತ್ತಿತ್ತು.

ಹಾಳೆಗಳನ್ನು ಅವರು ತರಿಸಲಿಲ್ಲ. ಅರ್ಧ ಗಂಟೆ ಒಳಗೆ ಹೋಗಿ ಬಂದು, ಮಾತಿನಹಾಳೆಯನ್ನು ಸಾಕ್ಷ್ಯವಾಗಿ ಪರಿಗಣಿಸುವುದಿಲ್ಲ, ಮೊದಲನೇ ಕುರ್ಚಿಯವರ ತಪ್ಪೊಪ್ಪಿಗೆಯನ್ನು ಸ್ವೀಕರಿಸಲಾಗಿದೆ ಎಂದು ಓದಿದರು. ತಪ್ಪುಗಲ್ಲಿನ ಮೇಲೆ ನನ್ನ ಹೆಸರು ಬರುತ್ತದೆ. ತಮ್ಮ ಹಾಳೆಗಳು ಹೊರಬರಬಾರದೆಂದು ಅವರು ನ್ಯಾಯ ಕೊಟ್ಟರು. ನ್ಯಾಯ ಸಿಕ್ಕಾಗಲೂ ಇಷ್ಟು ಅಸಹ್ಯವಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಹೊರಟ ವಿಮಾನಗಳಿಗೂ ಡಬ್ಬಿಯ ಪಕ್ಕದಲ್ಲೇ ಸಹಿ ಬಿದ್ದಿದೆ. ವಿಚಾರಿಸಿಕೊಂಡೇ ಬರೆಯುತ್ತಿದ್ದೇನೆ.

ಹೊರಗೆ ವರಾಂಡದ ಬೆಂಚಿನ ಮೇಲೆ ಹುಸೇನಬಿ ಕೂತಿದ್ದರು. ಊರುಗೋಲು ಒರಗಿಸಿ ಅವರ ಪಕ್ಕ ಕೂತೆ. ಒಂದನ್ನೂ ಬಿಡದೆ ಹೇಳಿದೆ. ಗಾಳಿಯೆಂದದ್ದು, ಎತ್ತರವೆಂದದ್ದು, ಮೇಲೇಳಿ ಎಂದದ್ದು, ಅವನ ಕೈ, ನನ್ನ ಕೈ. ಆಸ್ಪತ್ರೆಯಲ್ಲಿ ಹೇಳಿದ್ದು ಸುಳ್ಳೆಂದೂ ಹೇಳಿದೆ. ಉಗುಳುತ್ತಾರೆಂದುಕೊಂಡಿದ್ದೆ, ಉಗುಳಿದ್ದರೆ ಹಗುರವಾಗುತ್ತಿತ್ತು. ಅವರು ಮಗ ಹೇಳಿದ್ದನ್ನು ಮೂರು ಬೆರಳು ಮಡಚಿ ಎಣಿಸಿಕೊಂಡರು. ಅವನು ಸುಮ್ಮನಿರುವವನಲ್ಲ ಎಂದು ತಾವು ಹೇಳಿರಲಿಲ್ಲವೇ ಎಂದು ತಮಗೆ ತಾವೇ ಅಂದುಕೊಂಡರು. ಅವರ ಮುಖದಲ್ಲಿ ಒಂದು ಗಳಿಗೆ ಹೆಮ್ಮೆಯಿತ್ತು. ನಂತರ ನನ್ನ ಕಡೆ ತಿರುಗಿದರು.

“ಮತ್ತ ನೀವ್ ಯಾಕ ಕೇಳಲಿಲ್ರಿ?” ಎಂದರು.

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿ ತಿಳಿದುಕೊಳ್ಳಬೇಕಾಗಿತ್ತು ಅವರಿಗೆ. ನಿಮಗೆ ಚಹಾದಂಗಡಿಯ ನಗು, ಆರುನೂರು ಇಳಿತ, ಅನುಭವ ಎಂದು ಏನೇನೋ ಬರೆದೆನಲ್ಲ, ಅದರಲ್ಲಿ ಒಂದನ್ನೂ ಆ ತಾಯಿಯ ಮುಖ ನೋಡಿ ಹೇಳಲಾಗಲಿಲ್ಲ. ಸಂಜೆ ಬಸ್ಸಿನ ಹೊತ್ತಾಯಿತು. ಅವರು ಎದ್ದು ಬಸ್ಸಿಗೆ ಹೋದರು.

ನಿಮ್ಮಲ್ಲಿ ಒಂದನ್ನು ಕೇಳಿಕೊಂಡು ಮುಗಿಸುತ್ತೇನೆ. ಹೊಸ ಕಾನೂನು ಬೇಡ, ಇನ್ನೊಂದು ಹಾಳೆಯಂತೂ ಬೇಡವೇ ಬೇಡ. ನಿಮ್ಮ ಪಕ್ಕದಲ್ಲಿ ಕೂತವನು ಎಷ್ಟೇ ಮೆತ್ತಗೆ ಹೇಳಲಿ, ಎಷ್ಟೇ ಸುತ್ತಿಬಳಸಿ ಹೇಳಲಿ, ಎತ್ತರ ಹೆಚ್ಚಾಯಿತು ಎಂದ ಕೂಡಲೇ ಅವನ ತಾಯಿ ವರಾಂಡದಲ್ಲಿ ನಿಮ್ಮ ಉತ್ತರಕ್ಕೆ ಕಾದು ಕೂತಿದ್ದಾಳೆಂದು ತಿಳಿಯಿರಿ. ನನ್ನ ಬಳಿ ಉತ್ತರವಿರಲಿಲ್ಲ. ನಿಮ್ಮ ಬಳಿಯೂ ಇರುವುದಿಲ್ಲ. ಆದರೆ ನೀವಿನ್ನೂ ಗಾಳಿಯಲ್ಲಿದ್ದೀರಿ, ನೆಲ ಇನ್ನೂ ಮುಟ್ಟಿಲ್ಲ. ಮೇಲೇಳಿ.

ನೀಲಾಂಬಿಕಾ ತೊರಗಲ್ಲ